ಸಹಿಯಿಲ್ಲದ ಎರಡು ಪತ್ರ

ಬೈಲಹೊಂಗಲದಲ್ಲಿ ನಾನು ಸೊಸೈಟಿ, ಸಕ್ಕರೆ ಕಾರ್ಖಾನೆಗಳ ಮ್ಯಾನೇಜರರಿಗೆ ತರಬೇತಿ ಕೊಡುತ್ತೇನೆ. ಸವದತ್ತಿಯ ದಸ್ತಗೀರ ಸರ್ ಮಾಡುವುದೂ ಅದನ್ನೇ. ನನಗಿಂತ ಎಷ್ಟೋ ತಡವಾಗಿ ಶುರು ಮಾಡಿದ ಆ ಮನುಷ್ಯನ ಸಂಸ್ಥೆಗೆ ಗುಣಮಟ್ಟದ ಮಾನ್ಯತೆ ಸಿಕ್ಕಿತೆಂದು ಕೇಳಿದ ದಿನ ನನಗೆ ಊಟ ಸೇರಲಿಲ್ಲ. ಮರುದಿನವೇ ನಾನೂ ಅರ್ಜಿ ಹಾಕಿದೆ.

ತಪಾಸಣೆಗೆ ಬಂದ ಮೇಡಂ ನನ್ನ ಫೈಲುಗಳನ್ನೆಲ್ಲ ತಿರುವಿ, "ದೂರಿನ ಫೈಲ್ ಎಲ್ಲೈತ್ರಿ?" ಎಂದರು.

"ಇಲ್ಲೀತನಕ ಒಂದೂ ದೂರು ಬಂದಿಲ್ರಿ ಮೇಡಂ," ಎಂದೆ ಎದೆಯುಬ್ಬಿಸಿ.

"ಅಂದ್ರ ನೀವು ಯಾರನ್ನೂ ಕೇಳಿಲ್ಲ ಅಂದಂಗಾತು. ದೂರು ಬಂದ ಮ್ಯಾಲೆ ಏನ್ ತಿದ್ದಿಕೊಂಡ್ರಿ ಅನ್ನೋದನ್ನ ನಾವು ನೋಡೋದು. ದಸ್ತಗೀರ ಸರ್ ಅವರ ಫೈಲ್ ಒಮ್ಮಿ ನೋಡ್ಕೊಂಡು ಬರ್ರಿ."

ಹಲ್ಲು ಕಚ್ಚಿಕೊಂಡು ಸವದತ್ತಿಗೆ ಹೋದೆ. ದಸ್ತಗೀರ ಸರ್ ಚಹಾ ಕೊಟ್ಟು, ಫೈಲನ್ನೂ ಮುಂದಿಟ್ಟರು. ಅದರಲ್ಲಿದ್ದದ್ದು ಸಹಿಯಿಲ್ಲದ ಎರಡೇ ಪತ್ರ. ಹಿಂದೆ ಕೂತವರಿಗೆ ಏನೂ ಕೇಳಿಸುವುದಿಲ್ಲ ಎಂದು ಒಂದು. ಉದಾಹರಣೆಗಳೆಲ್ಲ ದೊಡ್ಡ ಕಂಪನಿಗಳವು, ನಮ್ಮ ಸೊಸೈಟಿಗಳ ಮಾತೇ ಇಲ್ಲ ಎಂದು ಇನ್ನೊಂದು. ಒಂದೊಂದರ ಕೆಳಗೂ ಏನೇನು ಸರಿಪಡಿಸಿದರು ಎಂಬ ವಿವರ, ತಾರೀಖು ಸಮೇತ.

"ಯಾವ ಪುಣ್ಯಾತ್ಮ ಬರದಾನೋ ಗೊತ್ತಿಲ್ರಿ ಸರ್. ಇವು ಬಂದಿದ್ದಕ್ಕ ನಮಗ ಮಾನ್ಯತೆ ಸಿಕ್ತು. ಆಂವ ಸಿಕ್ರ ಶಾಲು ಹೊದಿಸಿ ಸನ್ಮಾನ ಮಾಡತೇನಿ."

ನಾನು ಫೈಲನ್ನು ಮೆಲ್ಲಗೆ ಮುಚ್ಚಿ ಅವರ ಕಡೆ ಸರಿಸಿದೆ. ಅವರ ತರಬೇತಿಗೆ ಅತಿಥಿಯಾಗಿ ಹೋಗಿ ಬಂದ ಸಂಜೆ, ಹೊಟ್ಟೆಕಿಚ್ಚು ತಡೆಯಲಾರದೆ, ಇಬ್ಬರು ಬರೆದಂತೆ ಕಾಣಲಿ ಎಂದು ಎರಡು ಬಣ್ಣದ ಪೆನ್ನು ಹಿಡಿದು ಅವನ್ನು ಬರೆದವನು ನಾನೇ.

ಈಗ ನನ್ನ ಬಾಗಿಲಲ್ಲೂ ದೂರಿನ ಪೆಟ್ಟಿಗೆ ತೂಗುಹಾಕಿದ್ದೇನೆ. ದಿನಾ ಬೀಗ ತೆಗೆದು ನೋಡುತ್ತೇನೆ, ಖಾಲಿ. ನನ್ನನ್ನು ಕಂಡು ಹೊಟ್ಟೆಕಿಚ್ಚು ಪಡುವವನು ಇಡೀ ತಾಲೂಕಿನಲ್ಲಿ ಒಬ್ಬನೂ ಇಲ್ಲ.