ಕುರಿಮರಿಗಳು ಬಂದ ತರಗತಿ

ಗುಡೇಕೋಟೆಯಲ್ಲಿ ನನ್ನ ಮೊದಲ ಪಾಠ ಕೇಳಲು ಮಕ್ಕಳಿಗಿಂತ ಮುಂಚೆ ಬಂದದ್ದು ಕುರಿಮರಿಗಳು. ಅವುಗಳ ಹಿಂದೆ ಮೈಲವ್ವ, ಒಂದನೇ ತರಗತಿಯ ಹುಡುಗಿ.

"ಇವನ್ನು ಹೊರಗೆ ಹಾಕಮ್ಮ" ಎಂದೆ.

"ಹಂಗಾರ ನಾನೂ ಹೊಕ್ಕೀನ್ರಿ ಅಕ್ಕೋರ" ಎಂದವಳು ಹೋಗಿಯೇಬಿಟ್ಟಳು.

ನಮ್ಮ ಕುಂದಾಪುರದಲ್ಲಿ ಮಕ್ಕಳು ಶಾಲೆ ತಪ್ಪಿಸುವುದು ಜ್ವರ ಬಂದರೆ ಮಾತ್ರ. ಇಲ್ಲಿ ಕುರಿಗಳು ಗುಡ್ಡಕ್ಕೆ ಮೇಯಲು ಹೋದರೆ ಎಳೆಯ ಮರಿಗಳು ಮನೆಯಲ್ಲೇ ಉಳಿಯುತ್ತವೆ, ಅವನ್ನು ಕಾಯುವುದು ಹುಡುಗಿಯರ ಪಾಲಿಗೆ ಬರುತ್ತದೆ. ಸಂಜೆ ಅವಳ ಮನೆ ಹುಡುಕಿಕೊಂಡು ಹೋದೆ. ಅಜ್ಜಿ ಜೋಳದ ರೊಟ್ಟಿ ಬಡಿಯುತ್ತಲೇ ಕೇಳಿದಳು:

"ಆಕಿ ಸಾಲಿಗೆ ಬಂದ್ರ ಮರಿ ಯಾರು ಕಾಯಬೇಕ್ರಿ? ನೀವು ಕಾಯ್ತೀರೇನು?"

"ಕಾಯ್ತೇನೆ" ಎಂದುಬಿಟ್ಟೆ. ಕುಚ್ಚಲಕ್ಕಿ ಗಂಜಿ ಉಂಡು ಬೆಳೆದ ನನಗೆ ಆ ರೊಟ್ಟಿಯೇ ಇನ್ನೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ, ಕುರಿ ಕಾಯುವ ಮಾತು ಬೇರೆ!

ಶಾಲೆಯ ಅಂಗಳದ ಬೇವಿನ ಕೆಳಗೆ ಜಾಲಿಮುಳ್ಳಿನ ರೊಪ್ಪ, ಅಂದರೆ ಸಣ್ಣ ದೊಡ್ಡಿ, ಹಾಕಿಸಿದೆ. ಹೆಡ್‌ಮಾಸ್ತರರು ತಲೆ ಕೆರೆದುಕೊಂಡರು.

"ಸಾಹೇಬ್ರು ಬಂದ್ರ ಏನಂತ ಹೇಳಾನ್ರಿ?"

"ಇವೂ ತಪ್ಪದೆ ಹಾಜರಾಗುತ್ತವೆ ಅನ್ನಿ ಸಾರ್."

ಗೋಡೆಯ ಅಕ್ಷರಮಾಲೆಯ ಚಿತ್ರಪಟದ ಋಷಿ, ಐರಾವತ ಮೈಲವ್ವನಿಗೆ ಅಪರಿಚಿತರು. ಪಟ ಬಿಟ್ಟು ಅವಳ ಮರಿಗಳ ಹೆಸರನ್ನೇ ಪಾಟಿಯ ಮೇಲೆ ಬರೆದೆ: ಚುಕ್ಕಿ, ಗೌರಿ, ಕರಿಯ. ಪಾಟಿಯನ್ನು ರೊಪ್ಪದ ಬಳಿ ಒಯ್ದು, ಒಂದೊಂದೇ ಮರಿಗೆ ತೋರಿಸಿ ಓದಿದಳು. ದಸರೆಯ ಹೊತ್ತಿಗೆ ಬೇರೆ ಪದಗಳನ್ನೂ ಅಕ್ಷರ ಕೂಡಿಸಿ ಓದತೊಡಗಿದಳು. ನನಗೆ ಹೇಳಲಾರದಷ್ಟು ಖುಷಿಯಾಯಿತು.

ಆದರೆ ಮಳೆಗಾಲ ಮುಗಿದೊಡನೆ ಕುರಿಮಂದೆಯ ಜೊತೆ ಮನೆಮಂದಿಯೆಲ್ಲ ಹಂಪಸಾಗರದ ಹೊಳೆದಂಡೆಗೆ ಹೊರಡುತ್ತಾರೆ. ಮರಳುವುದು ಬೇಸಿಗೆ ಕಳೆದ ಮೇಲೆ. ಅಷ್ಟರಲ್ಲಿ ಕಲಿತ ಅಕ್ಷರವೆಲ್ಲ ಮರೆತುಹೋಗುತ್ತದೆ. ಅವಳನ್ನು ನನ್ನ ಬಾಡಿಗೆ ಕೋಣೆಯಲ್ಲೇ ಬಿಡಿ ಎಂದು ಅಜ್ಜಿಯನ್ನು ಬೇಡಿಕೊಂಡೆ. ಅವಳು ಕಂಬಳಿ ಮಡಿಸುತ್ತಲೇ ಹೇಳಿದಳು:

"ಬಿಡ್ತೀವ್ರಿ. ಆದ್ರ ನಿಮ್ಮಂಥೋರು ಬರ್ತಾರ, ವರ್ಗ ಮಾಡಿಸ್ಕೊಂಡು ಹೊಕ್ಕಾರ. ನೀವರ ಇರ್ತೀರೇನು?"

ಊರಿನ ಕಡೆಗೆ ವರ್ಗ ಕೇಳುವ ಅವಕಾಶ ಅದೇ ವಾರ ಬಂದಿತ್ತು. ಅಮ್ಮ ದಿನ ಎಣಿಸುತ್ತಿದ್ದಳು.

"ಇರ್ತೀನ್ರಿ" ಎಂದೆ.

ಮಂದೆ ಹೊರಟ ಮರುದಿನ ಮೈಲವ್ವನನ್ನು ಕರೆದುಕೊಂಡು ಎಸ್‌ಟಿಡಿ ಬೂತಿಗೆ ಹೋದೆ. ಈ ವರ್ಷ ಅರ್ಜಿ ಹಾಕುವುದಿಲ್ಲ ಎಂದಾಗ ಅಮ್ಮ ಅಳತೊಡಗಿದಳು. ಸಮುದ್ರ, ಅಂಗಳ, ಅವಳು ಬಡಿಸುವ ಮೀನುಸಾರು ಎಲ್ಲ ನೆನಪಾಗಿ ನನಗೂ ಅಳು ಬಂತು. ಹೊರಗೆ ಮೈಲವ್ವ ಬೂತಿನ ಹಲಗೆಯ ಮೇಲೆ ಬೆರಳಾಡಿಸುತ್ತ ಓದುತ್ತಿದ್ದಳು: "ದೂ... ರ... ವಾ... ಣಿ." ಒಂದು ಕಿವಿಯಲ್ಲಿ ಅಮ್ಮನ ಅಳು, ಇನ್ನೊಂದರಲ್ಲಿ ಇವಳ ಓದು. ಯಾವ ಕಿವಿಯನ್ನೂ ಮುಚ್ಚಿಕೊಳ್ಳಲಾರದೆ ನಿಂತೆ.