ಟೈಪಿಂಗ್ ಅಕ್ಕೋರು ಕೇಳಿದ ಕ್ಷಮೆ

ಖಾನಾಪುರದ ಸ್ಟೇಷನ್ ರಸ್ತೆಯಲ್ಲಿ ರಾಜಮತಿ ಅಕ್ಕೋರ ಟೈಪಿಂಗ್ ಕ್ಲಾಸು ಯಾವುದೆಂದು ಯಾರೂ ಕೇಳಬೇಕಾಗಿರಲಿಲ್ಲ. ಎಂಟು ಮಷಿನುಗಳ ಕಟಕಟ ಸದ್ದು ರೈಲು ಇಳಿದವರ ಕಿವಿಗೇ ಬೀಳುತ್ತಿತ್ತು. ಎರಡು ಸಾವಿರದ ಇಸವಿ ಬರುವಷ್ಟರಲ್ಲಿ ಆರು ಮಷಿನುಗಳ ಮೇಲೆ ಬಟ್ಟೆ ಬಿದ್ದಿತ್ತು. ಎಲ್ಲರಿಗೂ ಕಂಪ್ಯೂಟರೇ ಬೇಕಂತೆ! ಬೇಕಾದರೆ ಬೇಕು, ಹೋಗಲಿ ಎಂದು ಅಕ್ಕೋರೂ ಒಂದನ್ನು ತಂದಿಟ್ಟರು.

ಆಗ ಅವರಿಗೆ ನಲವತ್ತಾರು. ಮದುವೆ ಆಗಿರಲಿಲ್ಲ. ಯಾಕೆ ಆಗಲಿಲ್ಲ ಎಂದು ಕೇಳುತ್ತಿದ್ದವರೂ ಕೇಳಿ ಕೇಳಿ ಬೇಸತ್ತು ಸುಮ್ಮನಾಗಿದ್ದರು. ತಾಯಿ ತೀರಿಕೊಂಡು ಎರಡು ವರ್ಷವಾಗಿತ್ತು. ತಮ್ಮ ತಾತ್ಯಾಸಾಹೇಬ ಹೆಂಡತಿ, ಮಗಳೊಂದಿಗೆ ಬೆಳಗಾವಿಯಲ್ಲಿದ್ದ. ಕ್ಲಾಸಿನ ಹಿಂದಿನ ಎರಡು ಕೋಣೆಗಳೇ ಅಕ್ಕೋರ ಮನೆ. ಜೈನರ ಮನೆ, ಹೊತ್ತು ಮುಳುಗುವ ಮೊದಲೇ ಊಟ ಆಗಬೇಕು. ಒಬ್ಬರಿಗಷ್ಟೇ ಬೇಯಿಸಿ, ಉಂಡು, ಇದ್ದ ಒಂದು ತಾಟು ತೊಳೆದಿಟ್ಟಾಗ ಓಣಿಯ ಬೇರೆ ಮನೆಗಳಲ್ಲಿ ಇನ್ನೂ ಅಕ್ಕಿ ಆರಿಸುತ್ತಿರುತ್ತಿದ್ದರು. ಆಮೇಲೆ ಮಲಗುವ ತನಕ ಮೂರು ತಾಸು ಉಳಿಯುತ್ತಿತ್ತಲ್ಲ, ಆ ಮೂರು ತಾಸು ಅಕ್ಕೋರ ಜೀವ ತಿನ್ನುತ್ತಿತ್ತು.

ಕಂಪ್ಯೂಟರಿಗೆ ಮೂರೇ ತಿಂಗಳಲ್ಲಿ ವೈರಸ್ ಹೊಕ್ಕಿತು. ರಿಪೇರಿಗೆ ಬಂದವನು ಕಲ್ಮೇಶ. ಬೆಳಗಾವಿಯ ಕ್ಯಾಂಪಿನಲ್ಲಿ ಅವನ ಅಂಗಡಿ. ಇದೇ ಕ್ಲಾಸಿನಲ್ಲಿ ಟೈಪಿಂಗ್ ಕಲಿತು ಪರೀಕ್ಷೆಯಲ್ಲಿ ಎರಡು ಸಲ ಮಣ್ಣು ಮುಕ್ಕಿದ ಮಹಾಶಯ. ಯಾವುದೋ ಪತ್ರಿಕೆಯ ಜೊತೆ ಪುಕ್ಕಟೆ ಬಂದ ಸೀಡಿ ಹಾಕಿ, ಇಡೀ ದಿನ ಕುಳಿತು ಕಂಪ್ಯೂಟರನ್ನು ನಡೆಸುವ ಹೊಸ ವ್ಯವಸ್ಥೆ ತುಂಬಿಸಿದ.

“ಅಕ್ಕೋರ, ಇದಕ್ಕ ಲಿನಕ್ಸ್ ಅಂತಾರ್ರಿ. ವೈರಸ್ ಗಿರಸ್ ಹತ್ತಿರ ಬರಂಗಿಲ್ಲ. ಆದ್ರ ಪ್ಯಾಟ್ಯಾಗ ಸಿಗೋ ಗೇಮ್ ಇದರಾಗ ಓಡಂಗಿಲ್ಲ ಮತ್ತ.”

“ನಾ ಏನ್ ಗೇಮ್ ಆಡಾಕ ತಂದೇನೇನೋ ಇದನ್ನ?”

ಅಂದದ್ದೇನೋ ಖರೆ. ಆದರೆ ಒಂಟಿ ಸಂಜೆ ಮನುಷ್ಯರಿಂದ ಏನೇನೋ ಮಾಡಿಸುತ್ತದೆ. ವಾರ ಕಳೆಯುವುದರೊಳಗೆ ಅಕ್ಕೋರು ಸೀಡಿಯಲ್ಲಿದ್ದ ಆಟಗಳನ್ನೆಲ್ಲ ತೆರೆದು ನೋಡಿದ್ದರು. ಹಿಮದ ಗುಡ್ಡದಿಂದ ಹಕ್ಕಿಯೊಂದು ಜಾರಿ ಇಳಿಯುವ ಆಟವಿತ್ತು. ಇವರ ಮಷಿನಿನಲ್ಲಿ ಹಕ್ಕಿ ಒಂದು ಗೇಣು ಜಾರಿ ನಿಂತುಬಿಡುತ್ತಿತ್ತು, ಮನೆಯಲ್ಲಿ ಏನೋ ಮರೆತು ಬಂದವರ ಹಾಗೆ. ಕಾರ್ ರೇಸಿನ ಸೀಡಿ ತಂದು ಹಾಕಿದರೆ ಕಂಪ್ಯೂಟರು ಕ್ಯಾರೇ ಅನ್ನಲಿಲ್ಲ. ಕಲ್ಮೇಶ ಫೋನಿನಲ್ಲಿ ಹೇಳಿದ ಉದ್ದುದ್ದ ಕಮಾಂಡುಗಳನ್ನು ಒಂದು ಅಕ್ಷರವೂ ತಪ್ಪದಂತೆ ಬಡಿದರು. ಆದರೂ ಹಕ್ಕಿ ಅಲ್ಲೇ ನಿಂತಿತ್ತು.

“ಚಿತ್ರದ ಕಾರ್ಡು ನಡಸೋ ಡ್ರೈವರ್ ಪ್ರೋಗ್ರಾಮ್ ಇದರಾಗ ಇಲ್ರಿ, ಬಿಟ್ಟ ಬಿಡ್ರಿ” ಎಂದ ಕಲ್ಮೇಶ. “ನಿಮಗ ಬುದ್ಧಿಬಳ ಬರ್ತೈತಲ್ರಿ? ಇಂಟರ್‌ನೆಟ್ಟಿನ್ಯಾಗ ಒಂದು ಜಾಗಾ ಐತಿ. ಅಲ್ಲಿ ಚಿತ್ರ ಬ್ಯಾಡ, ಅಕ್ಷರ ಸಾಕು.”

ಬುದ್ಧಿಬಳವೆಂದರೆ ಚದುರಂಗ. ಅಪ್ಪ ಕಲಿಸಿದ್ದು. ಕಪ್ಪು ಪರದೆಯ ಮೇಲೆ ಗೆರೆ ಎಳೆದ ಅರವತ್ತನಾಲ್ಕು ಮನೆ, ಆನೆ ಕುದುರೆಗಳ ಬದಲು ಬರೇ ಅಕ್ಷರ. ಯಾವ ಮನೆಯಿಂದ ಯಾವ ಮನೆಗೆ ಎಂದು ಟೈಪ್ ಮಾಡಿದರೆ ಪ್ಯಾದೆ ಮುಂದೆ ಹೋಗುತ್ತಿತ್ತು. ಅಕ್ಷರವೇ ಸಾಕಾದರೆ ರಾಜಮತಿ ಅಕ್ಕೋರ ಮುಂದೆ ನಿಲ್ಲುವವರು ಯಾರು? ಕೀಲಿ ನೋಡದೆ ಬಡಿದು ಬಡಿದು ಇಪ್ಪತ್ತೈದು ವರ್ಷವಾದ ಬೆರಳುಗಳು ಅವು.

ಅಲ್ಲಿ ಸಿಕ್ಕವನು ನಾವಿಯೊ ಎಂಬ ಹೆಸರಿನವನು. ಪೋರ್ಚುಗಲ್ ದೇಶದ ಯಾವುದೋ ಬಂದರಿನಲ್ಲಿ, ಹಡಗಿನ ಇಂಜಿನ್ ಕೆಲಸದಿಂದ ನಿವೃತ್ತನಾದವನು. ಖಾನಾಪುರ ಎಲ್ಲಿದೆ ಎಂದು ಕೇಳಿದ. ಗೋವಾದ ಮಗ್ಗುಲಲ್ಲಿ ಎಂದಾಗ ಹಿಗ್ಗಿದ. ಇಲ್ಲಿ ದೀಪ ಹಚ್ಚುವ ಹೊತ್ತು ಅಲ್ಲಿ ಮಧ್ಯಾಹ್ನದ ಊಟ ಮುಗಿದಿರುತ್ತಿತ್ತು. ಇಬ್ಬರಿಗೂ ಅದೇ ಸಮಯ ಒಗ್ಗಿತು. ಖಾನಾಪುರದ ಮಳೆಗೆ ಟೆಲಿಫೋನ್ ಲೈನು ಸತ್ತರೆ ಆಟ ಅರ್ಧಕ್ಕೆ ನಿಲ್ಲುತ್ತಿತ್ತು. ಮರುದಿನ ಹೋದರೆ ಅವನ ಮೊದಲ ಪ್ರಶ್ನೆ, “ಮಳೆಯೇ?” ಹೌದು ಎಂದು ಅಕ್ಕೋರು ಟೈಪ್ ಮಾಡಿದರೆ ಆಟ ನಿಂತಲ್ಲಿಂದಲೇ ಸಾಗುತ್ತಿತ್ತು. ಏನು ಉಂಡಿರಿ, ಮೊಣಕಾಲು ನೋವು ಹೇಗಿದೆ ಎಂದು ಅಕ್ಕೋರನ್ನು ಕೇಳುವ ಜಗತ್ತಿನ ಏಕೈಕ ಮನುಷ್ಯ ಅವನೇ ಆಗಿದ್ದ. ಎಂಟು ತಿಂಗಳು ಹೀಗೆ ನಡೆಯಿತು.

ಭಾದ್ರಪದ ಬಂತು. ಹತ್ತು ದಿನದ ವ್ರತ ಮುಗಿದ ಮೇಲೆ ಕ್ಷಮಾವಣಿ. ವರ್ಷವಿಡೀ ತಿಳಿದೋ ತಿಳಿಯದೆಯೋ ನೋಯಿಸಿದ್ದರೆ ಮನ್ನಿಸಿ ಎಂದು ಜೈನರು ಒಬ್ಬರಿಗೊಬ್ಬರು ಕೈಮುಗಿಯುವ ದಿನ. ಯಾವ ತಪ್ಪು ಎಂದು ಯಾರೂ ಕೇಳುವುದಿಲ್ಲ. ನಾನೇನೂ ತಪ್ಪು ಮಾಡಿಲ್ಲ ಎಂದು ಯಾರೂ ಎದೆ ಸೆಟೆಸುವುದಿಲ್ಲ, ಅದು ಸೊಕ್ಕಾದೀತು. ಅಕ್ಕೋರು ಬೆಳಗಾವಿಯ ಬಸದಿಗೆ ಹೋಗಿ ತಮ್ಮನಿಗೆ, ನಾದಿನಿಗೆ, ಪರಿಚಯದವರಿಗೆಲ್ಲ ಕೈಮುಗಿದು ಸಂಜೆಯ ಬಸ್ಸಿಗೆ ಮರಳಿದರು. ಎಲ್ಲರನ್ನೂ ಕೇಳಿದ ಮೇಲೆ ದಿನಾ ಮಾತಾಡುವವನೊಬ್ಬನನ್ನು ಬಿಡುವುದು ಹೇಗೆ? ಆಫೀಸು ಪತ್ರದ ಇಂಗ್ಲಿಷಿನಲ್ಲಿ ಸ್ಫುಟವಾಗಿ ಟೈಪ್ ಮಾಡಿದರು: ಈ ವರ್ಷ ನಾನು ನಿಮಗೆ ಎಸಗಿರುವ ಎಲ್ಲ ತಪ್ಪುಗಳಿಗಾಗಿ ಮನಃಪೂರ್ವಕ ಕ್ಷಮೆ ಬೇಡುತ್ತೇನೆ.

ಅವನು ಬರೆದ, “ಯಾವ ತಪ್ಪು?”

“ನೆನಪಿಲ್ಲ. ಆದರೆ ಮಾಡಿರಲೇಬೇಕು.”

“ಯಾವಾಗಿನಿಂದ?”

“ಮೊದಲ ದಿನದಿಂದಲೂ.”

ಇನ್ನು ಅವನೂ ತಿರುಗಿ ಕೈಮುಗಿಯುತ್ತಾನೆ ಎಂದು ಅಕ್ಕೋರು ಕಾದರು. ಅವನು ಎದ್ದು ಹೋಗಿದ್ದ. ಮರುದಿನ ಮಾತಾಡಿಸಹೋದರೆ, ಈ ವ್ಯಕ್ತಿ ನಿಮ್ಮ ಮಾತನ್ನು ತಡೆಹಿಡಿದಿದ್ದಾರೆ ಎಂದು ಯಂತ್ರ ಉತ್ತರ ಕೊಟ್ಟಿತು. ಅಕ್ಕೋರಿಗೆ ಅನ್ನ ಸೇರಲಿಲ್ಲ.

ಭಾನುವಾರ ಕ್ಯಾಂಪಿನ ಅಂಗಡಿಗೆ ಹೋಗಿ ಎಲ್ಲ ಹೇಳಿದರು. ಕಲ್ಮೇಶ ಹಣೆ ಹಣೆ ಬಡಿದುಕೊಂಡು ನಕ್ಕ.

“ಅಯ್ಯ ಅಕ್ಕೋರ! ಮಾಡದ ತಪ್ಪಿಗೆ ಯಾರರ ಕ್ಷಮಾ ಕೇಳ್ತಾರೇನ್ರಿ?”

“ನಾವು ಕೇಳ್ತೀವಪಾ.”

“ಅಂವಗೇನ್ ಗೊತ್ತ್ರಿ ಅದು? ಬಾಜೂಕ ಬುದ್ಧಿಬಳದ ಇನ್ನೊಂದು ಪ್ರೋಗ್ರಾಮ್ ಇಟ್ಟು, ಅದು ಹೇಳಿದಂಗ ಆಡಿ ಗೆಲ್ಲೋ ಕಳ್ಳರು ಇರ್ತಾರ ಅಲ್ಲಿ. ನೀವೂ ಅವರಂಗ ಅಂತ ತಿಳಕೊಂಡಾನ. ಮ್ಯಾಲ ನೀವಽ ಒಪ್ಪಿಕೊಂಡೀರಿ!”

ಅಕ್ಕೋರ ಮುಖ ಸುಟ್ಟಂತಾಯಿತು. ಹಿಂದಿನ ವಾರ ಸಾಲಾಗಿ ಐದು ಆಟ ಗೆದ್ದದ್ದು ನೆನಪಾಯಿತು. ಕಲ್ಮೇಶ ನಗು ನಿಲ್ಲಿಸಿದ. “ಹ್ವಾದ್ರ ಹೋಗ್ಲಿ ಬಿಡ್ರಿ. ಬ್ಯಾರೆ ಹೆಸರು ಹಾಕ್ಕೊಂಡು ಆಡ್ರಿ. ಅಂವಗ ನಿಮ್ಮ ಮಾರಿ ಕಾಣಸ್ತೈತೇನು?”

“ಹೆಸರು ಬದಲಿಸಾಕ ನಾ ಕಳ್ಳಿ ಏನೋ?” ಎಂದು ರೇಗಿ ಎದ್ದು ಬಂದರು.

ಇಪ್ಪತ್ತು ದಿನ ಹಟ ಹಿಡಿದರು. ಬೇರೆಯವರ ಆಟ ನೋಡಲು ಅಲ್ಲಿ ಯಾರ ಅಡ್ಡಿಯೂ ಇರಲಿಲ್ಲ. ದಿನಾ ಸಂಜೆ ತಾಟು ತೊಳೆದಿಟ್ಟು, ನಾವಿಯೊ ಯಾರ್ಯಾರ ಜೊತೆಗೋ ಆಡುವುದನ್ನು ನೋಡುತ್ತ ಕುಳಿತರು. ಅವನ ಕುದುರೆ ಸಿಕ್ಕಿಬೀಳುವಾಗ ಇವರ ಬೆರಳುಗಳು ಮೇಜಿನ ಮೇಲೆ ತಾವಾಗಿಯೇ ಕುಟ್ಟುತ್ತಿದ್ದವು. ಇಪ್ಪತ್ತೊಂದನೆಯ ದಿನ ತಡೆಯಲಾಗಲಿಲ್ಲ. ತಮ್ಮನ ಮಗಳು ಶರ್ವರಿಯ ಹೆಸರಿನಲ್ಲಿ ಒಳಗೆ ಹೋಗಿ ಆಟಕ್ಕೆ ಕರೆದರು. ಅವನು ಬಂದ.

ಯಾವ ಊರು ಎಂದು ಕೇಳಿದಾಗ ಬೆಳಗಾಂ ಎಂದರು. ಎರಡನೆಯ ಆಟದ ನಡುವೆ ಅವನು ಬರೆದ: “ಆ ಕಡೆಯವಳೇ ಒಬ್ಬಳಿದ್ದಳು, ಖಾನಾಪುರದವಳು. ನನ್ನ ಗೆಳತಿ ಅಂದುಕೊಂಡಿದ್ದೆ. ಮೋಸ ಮಾಡಿದಳು. ನಿನಗೆ ಅವಳು ಗೊತ್ತೇ?”

ಹೌದು, ಆಕೆ ನಾನೇ, ಮೋಸ ಮಾಡಿಲ್ಲ ಎನ್ನಬಹುದಿತ್ತು. ಎಂದರೆ ಮಾತೇ ನಿಂತುಬಿಟ್ಟರೆ? ನಿಮಿಷಕ್ಕೆ ಅರವತ್ತು ಶಬ್ದ ಬಡಿಯುವ ಬೆರಳುಗಳು ಒಂದೇ ಶಬ್ದಕ್ಕೆ ತಡವರಿಸಿದವು.

“ಇಲ್ಲ” ಎಂದು ಟೈಪ್ ಮಾಡಿದರು.

ಅಲ್ಲಿಂದ ಮತ್ತೆ ಆಟ ಹತ್ತಿತು. ಗೆಲುವು ಹೆಚ್ಚಾದರೆ ಅನುಮಾನ ಬಂದೀತೆಂದು ಅಕ್ಕೋರು ಬೇಕೆಂದೇ ಸೋಲುವುದನ್ನು ಕಲಿತರು. ಶರ್ವರಿಗೆ ಇಪ್ಪತ್ತೆರಡು ವರ್ಷ ಎಂದರು. ಮೊಣಕಾಲು ನೋವಿನ ಮಾತೇ ಎತ್ತುವಂತಿರಲಿಲ್ಲ. ನೀನು ಪ್ರಾಮಾಣಿಕಳು, ಆ ಇನ್ನೊಬ್ಬಳ ಹಾಗಲ್ಲ ಎಂದು ಅವನು ಆಗಾಗ ಹೊಗಳುತ್ತಿದ್ದ. ಹೊಗಳಿದ ದಿನ ಅಕ್ಕೋರು ಅಳುತ್ತಿದ್ದರು. ಆದರೂ ಮರುದಿನ ಅದೇ ಹೊತ್ತಿಗೆ ಹೋಗಿ ಕೂರುತ್ತಿದ್ದರು.

ಮತ್ತೆ ಕ್ಷಮಾವಣಿ ಬಂತು. ಕಾಲುನೋವು ಜೋರಾಗಿ ಬಸದಿಗೆ ಹೋಗಲಾಗಲಿಲ್ಲ. ಯಾರಾದರೂ ಬಂದಾರೆಂದು ಬಾಗಿಲು ತೆರೆದಿಟ್ಟು ಹೊತ್ತು ಮುಳುಗುವ ತನಕ ಕುಳಿತರು, ಯಾರೂ ಬರಲಿಲ್ಲ. ತಮ್ಮ ತಾತ್ಯಾಸಾಹೇಬ ಫೋನಿನಲ್ಲೇ ಕ್ಷಮೆ ಕೇಳಿ ಇಟ್ಟುಬಿಟ್ಟ. ಸಂಜೆ ನಾವಿಯೊ ಎದುರು ಕುಳಿತಾಗ, ಈ ಸಲ ಅವನಿಂದ ಬೇಡಬೇಕಾದ ಕ್ಷಮೆಗೆ ಕಾರಣ ಚೆನ್ನಾಗಿ ನೆನಪಿತ್ತು. ನಾಲ್ಕು ಸಲ ಬರೆದರು, ನಾಲ್ಕು ಸಲ ಅಳಿಸಿದರು. ಅತ್ತ ಆಟದಲ್ಲಿ ಅವರ ಪಾಳಿಯ ಗಡಿಯಾರ ಓಡುತ್ತಲೇ ಇತ್ತು.

“ಶರ್ವರಿ, ಇವತ್ತು ಬಹಳ ನಿಧಾನ” ಎಂದು ಅವನು ಬರೆದ.

“ಹಬ್ಬ. ಮನೆ ತುಂಬ ಜನ ಬಂದಿದ್ದಾರೆ” ಎಂದು ಅಕ್ಕೋರು ಟೈಪ್ ಮಾಡಿದರು.

ನಾವಿಯೊ ನಂಬಿದ. ಹಾಗಾದರೆ ಅವರ ಜೊತೆ ಇರು, ನಾಳೆ ಆಡೋಣ ಎಂದು ಬರೆದು ಎದ್ದು ಹೋದ.