ನೀಲಗಂಗಾಳ ಹೆಸರಿಗೆ ಬಂದ ಡಬ್ಬಿ

ಚಾದರದ ನಕ್ಷೆ ಅರ್ಧ ದಾಟುತ್ತಿದ್ದಂತೆ ಕಂಪ್ಯೂಟರು ನಿಂತುಬಿಡುತ್ತಿತ್ತು. ಪರದೆಯ ಮೇಲಿನ ಬಾಣದ ಗುರುತು ಅಲುಗುತ್ತಿರಲಿಲ್ಲ, ಯಾವ ಗುಂಡಿ ಒತ್ತಿದರೂ ಉತ್ತರವಿರಲಿಲ್ಲ. ನೀಲಗಂಗಾ ಗೋಡೆಯ ಸ್ವಿಚ್ಚು ಆರಿಸಿ, ಮತ್ತೆ ಹಾಕಿ, ಬೆಳಿಗ್ಗೆಯಿಂದ ಬಿಡಿಸಿದ್ದನ್ನೇ ಇನ್ನೊಮ್ಮೆ ಬಿಡಿಸಲು ಕೂರುತ್ತಿದ್ದಳು.

ಅದು 1996ರ ಮಳೆಗಾಲ. ಸೊಲ್ಲಾಪುರದ ಚಾದರ, ಟಾವೆಲ್ ಕಾರಖಾನೆಗಳ ನಕ್ಷೆಗಾರರಲ್ಲಿ ಹೆಚ್ಚಿನವರು ಇನ್ನೂ ಚೌಕುಳಿ ಕಾಗದದ ಮೇಲೆ ಒಂದೊಂದೇ ಮನೆ ತುಂಬಿ ಹೂವು ಬಳ್ಳಿ ಬರೆಯುತ್ತಿದ್ದರು. ಆ ಕಾಗದ ನೋಡಿಕೊಂಡು ರಟ್ಟಿನ ಪಟ್ಟಿಗೆ ತೂತು ಹೊಡೆಯುತ್ತಾರೆ. ತೂತಿನ ಪ್ರಕಾರ ಮಗ್ಗದ ಎಳೆಗಳು ಏಳುತ್ತವೆ, ಇಳಿಯುತ್ತವೆ. ನೀಲಗಂಗಾ ಇದೇ ಕೆಲಸವನ್ನು ಪುಣೆಯ ಗಿರಣಿಯೊಂದು ಮಾರಿದ ಹಳೆಯ ಕಂಪ್ಯೂಟರಿನ ಮೇಲೆ ಮಾಡುತ್ತಿದ್ದಳು. ಒಂದು ಸಣ್ಣ ಹೂವು ಬಿಡಿಸಿ ಅದನ್ನೇ ಸಾಲುಸಾಲಾಗಿ ಜೋಡಿಸುವುದಕ್ಕೆ ಆ ಯಂತ್ರ ಸಾಕಾಗಿತ್ತು. ಅವಳಿಗೆ ಕೆಲಸ ಕೊಡುವ ಕಾರಖಾನೆಯ ಯೆಮುಲ ಸೇಠರು ಈ ಸಲ ಕೇಳಿದ್ದು ಬೇರೆ. ಚಾದರದ ಈ ಅಂಚಿನಿಂದ ಆ ಅಂಚಿನವರೆಗೆ ಒಂದೇ ಚಿತ್ರ ಇರಬೇಕು, ಬರೆದದ್ದು ಎಲ್ಲಿಯೂ ಮರುಕಳಿಸಬಾರದು. ದೀಪಾವಳಿಯೊಳಗೆ ನಮೂನೆ ನೇಯ್ದು ಪರದೇಶದ ಗಿರಾಕಿಗೆ ಕಳಿಸಬೇಕು.

"ಆಗೂದಿಲ್ಲಂದ್ರ ಈಗ ಹೇಳಿಬಿಡ್ರಿ ಬಾಯಿ. ಮುಂಬೈಗೆ ಕೊಡತೀನಿ," ಎಂದಿದ್ದರು ಸೇಠರು. "ಆದ್ರ ಒಮ್ಮೆ ಅಲ್ಲಿಗೆ ಹೋದ್ರ ನನ್ನ ನಕ್ಷಿ ಎಲ್ಲಾ ಅಲ್ಲೇ ಹೋಗತಾವ. ಎರಡೂ ಕಡೆ ಓಡ್ಯಾಡಾಕ ನನಗ ವಯಸ್ಸಿಲ್ಲ."

ಅವಳ ಕೆಲಸದ ಮುಕ್ಕಾಲು ಪಾಲು ಬರುತ್ತಿದ್ದುದು ಆ ಒಂದೇ ಕಾರಖಾನೆಯಿಂದ. ಅದು ಕೈಬಿಟ್ಟರೆ ಕಂಪ್ಯೂಟರು ಇಟ್ಟುಕೊಂಡ ಮನೆಯ ಮುಂದಿನ ಕೋಣೆ ಬಿಟ್ಟುಕೊಡಬೇಕು, ಅಂದರೆ ಕಸುಬನ್ನೇ ಬಿಡಬೇಕು ಎಂದು ಅವಳಿಗೆ ಗೊತ್ತಿತ್ತು. "ಆಗತೈತ್ರಿ" ಎಂದು ಹೇಳಿಬಂದಳು.

ಅಷ್ಟು ದೊಡ್ಡ ಚಿತ್ರ ಹಿಡಿಸಲು ಯಂತ್ರಕ್ಕೆ ಬೇಕಾಗಿದ್ದು ನಾಲ್ಕು ಮೆಮರಿ ಪಟ್ಟಿ, ಒಂದು ದೊಡ್ಡ ಹಾರ್ಡ್ ಡಿಸ್ಕ್. ಆ ಹಳೆಯ ಯಂತ್ರಕ್ಕೆ ಹೊಂದುವ ಮೆಮರಿ ಸೊಲ್ಲಾಪುರದಲ್ಲಿ ಇರಲಿಲ್ಲ. ಪುಣೆಯ ಅಂಗಡಿಯವನು "ಬಂದಾಗ ಹೇಳ್ತೀವಿ" ಎಂದ, ಹೇಳಲಿಲ್ಲ. ಕೊನೆಗೆ ಅವಳು ಐಎಸ್‌ಡಿ ಬೂತಿನಿಂದ ಸಿಂಗಾಪುರಕ್ಕೆ ಫೋನು ಹಚ್ಚಿದಳು. ಅಕ್ಕಲಕೋಟದ ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತ ಗೆಳತಿ ಸಾಯಲಿ ಅಲ್ಲಿದ್ದಳು. ಗಂಡ ಹಡಗು ರಿಪೇರಿ ಮಾಡುವ ಕಂಪನಿಯಲ್ಲಿದ್ದ.

"ಅಯ್ಯ ನೀಲಿ, ಇಷ್ಟಕ್ಕ ಅಳಾಕತ್ತೀ? ಇಲ್ಲೆ ಇವನ್ನ ಭಾಜಿ ಮಾರಿದಂಗ ಮಾರತಾರ," ಎಂದಳು ಸಾಯಲಿ. "ನಾಳೆನ ಕಳಸತೀನಿ. ಪತ್ತೆ ಗೊತ್ತೈತಿ ನನಗ."

ವಿಳಾಸವೇನೋ ಅವಳಿಗೆ ಸರಿಯಾಗಿಯೇ ಗೊತ್ತಿತ್ತು. ಗಣೇಶ ಚೌತಿ ಹೋಯಿತು, ಪಕ್ಷಮಾಸ ಹೋಯಿತು, ಡಬ್ಬಿ ಮಾತ್ರ ಬರಲಿಲ್ಲ. ನೀಲಗಂಗಾ ಟಪಾಲು ಕಚೇರಿಗೇ ಹೋಗಿ ಕೇಳಿದಾಗ ಓಣಿಯ ಟಪಾಲಿನವನು ಅವಳ ಮುಖವನ್ನೇ ನೋಡಿದ.

"ಸಿಂಗಾಪುರದ್ದಾ? ಮುಂಬೈ ಕಸ್ಟಮ್ಸ್‌ನವರ ನೋಟೀಸ ಹಿಡಕೊಂಡು ಎರಡ ಸಲ ನಿಮ್ಮ ಮನಿಗೆ ಬಂದಿದ್ನಲ್ರಿ. ಈ ಹೆಸರಿನಾಕಿ ಇಲ್ಲಿ ಯಾರೂ ಇಲ್ಲ ಅಂತ ನಿಮ್ಮ ಅತ್ತಿಯವರ ಹೇಳಿ ಕಳಿಸ್ಯಾರ."

ನೋಟೀಸು ನೀಲಗಂಗಾ ಶಾಂತಲಿಂಗಪ್ಪ ಹನ್ನೂರೆ ಎಂಬವಳ ಹೆಸರಿಗಿತ್ತು. ಅಂಥ ಹೆಸರಿನವಳು ಆ ಮನೆಯಲ್ಲಿ ನಾಲ್ಕು ವರ್ಷದಿಂದ ಇರಲಿಲ್ಲ. ಮದುವೆಯ ದಿನ ಸೊಸೆಗೆ ಹೊಸ ಹೆಸರಿಡುವುದು ಈ ಸೀಮೆಯ ಎಷ್ಟೋ ಮನೆಗಳ ರೂಢಿ. ಅಕ್ಕಲಕೋಟ ತಾಲೂಕಿನ ಹನ್ನೂರಿನಿಂದ ಸೊಲ್ಲಾಪುರಕ್ಕೆ ಬಂದ ನೀಲಗಂಗಾ ಹನ್ನೂರೆ, ಅಕ್ಷತೆ ಬಿದ್ದ ಸಂಜೆಯೇ ಮಂಜರಿ ಸಿದ್ದೇಶ್ವರ ಕಂದಲಗಾಂವಕರ ಆದಳು. ರೇಷನ್ ಕಾರ್ಡು, ಮತದಾರರ ಪಟ್ಟಿ, ಬ್ಯಾಂಕಿನ ಖಾತೆ ಎಲ್ಲದರಲ್ಲೂ ಮಂಜರಿ. ಹಳೆಯ ಗೆಳತಿಗೆ ಮಾತ್ರ ಆ ಹೆಸರು ನಾಲಿಗೆಗೆ ಹತ್ತಿರಲೇ ಇಲ್ಲ.

ಅತ್ತೆ ಕಾಶೀಬಾಯಿ ತಪ್ಪೊಪ್ಪಿಕೊಳ್ಳುವ ಜಾಯಮಾನದವಳಲ್ಲ. "ಹನ್ನೂರೆ ಅಂದ್ರ ನಾ ಯಾರಂತ ತಿಳೀಬೇಕು? ಸಿಂಗಾಪುರದಿಂದ ಹನ್ನೂರಿನವ್ರಿಗೆ ಏನ್ ಬರತೈತಿ, ಜ್ವಾಳದ ಬೀಜಾ? ನಮ್ಮ ಸ್ವಸಿ ಹೆಸರ ಮಂಜರಿ. ಅದನ್ನ ಹೇಳೀನಿ."

ಗಂಡ ಸಿದ್ದೇಶ್ವರ ಬ್ಯಾಂಕಿನ ಗುಮಾಸ್ತ, ಅವ್ವನಿಗೂ ಹೆಂಡತಿಗೂ ನಡುವೆ ಮಾತಾಡದೆ ಬದುಕುವುದನ್ನು ಕಲಿತವನು. ಆದರೂ ಒಂದು ದಿನ ರಜೆ ಹಾಕಿ ಡಬ್ಬಿ ಬಿಡಿಸಿಕೊಳ್ಳಲು ಅವಳ ಜೊತೆ ಮುಂಬೈಗೆ ಹೋದ. ಹೋಗುವ ಮೊದಲು ಅವಳು ಬಸ್ಸು ಹಿಡಿದು ಅಕ್ಕಲಕೋಟ ದಾಟಿ ಹನ್ನೂರಿಗೆ ಹೋಗಿ ತನ್ನ ಹಳೆಯ ಸರ್ಟಿಫಿಕೇಟುಗಳನ್ನು ತಂದಿದ್ದಳು. ಅಪ್ಪ ಶಾಂತಲಿಂಗಪ್ಪ ಅವನ್ನು ಧೋತರದ ತುಂಡಿನಲ್ಲಿ ಸುತ್ತಿಟ್ಟಿದ್ದ. ಕೊಡುವಾಗ "ನಾವು ಇಟ್ಟ ಹೆಸರ ಏನೂ ಕೆಟ್ಟಿಲ್ಲ ನೋಡ್ ಮಗಳ, ಇನ್ನಾ ಗಟ್ಟಿ ಐತಿ" ಎಂದ.

ಮುಂಬೈಯಲ್ಲಿ ಆ ಗಟ್ಟಿತನ ಕೆಲಸಕ್ಕೆ ಬರಲಿಲ್ಲ. ಕಸ್ಟಮ್ಸ್ ಅಧಿಕಾರಿ, ಕನ್ನಡಕವನ್ನು ಹಣೆಗೇರಿಸಿಕೊಂಡ ನಡುವಯಸ್ಸಿನ ಮನುಷ್ಯ, ಎಡಗೈಯಲ್ಲಿ ಸರ್ಟಿಫಿಕೇಟು ಬಲಗೈಯಲ್ಲಿ ರೇಷನ್ ಕಾರ್ಡು ಹಿಡಿದು ಎರಡನ್ನೂ ತೂಗಿದ. ಇದರಲ್ಲಿರುವವಳು ಅದರಲ್ಲಿಲ್ಲ, ಅದರಲ್ಲಿರುವವಳು ಇದರಲ್ಲಿಲ್ಲ. ಹೆಸರು ಬದಲಾದದ್ದಕ್ಕೆ ಸರಕಾರಿ ಗೆಜೆಟಿನ ಪ್ರಕಟಣೆ ಬೇಕು ಎಂದ. ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಅಷ್ಟರಲ್ಲಿ ಅವಧಿ ಮುಗಿದು ಡಬ್ಬಿ ಸಿಂಗಾಪುರಕ್ಕೆ ವಾಪಸು ಹೋಗುತ್ತದೆ. ಅವನ ಮಾತಿನಲ್ಲಿ ಕುಹಕವಿರಲಿಲ್ಲ. "ನಿಮ್ಮನ್ನು ನಂಬಿ ಕೊಟ್ಟುಬಿಡ್ತೀನಿ ಅನ್ನಿ. ನಾಳೆ ನಿಜವಾದ ನೀಲಗಂಗಾ ಬಂದು ಎದುರು ನಿಂತರೆ ನಾನು ಏನು ಹೇಳಲಿ?" ಎಂದು ಕೇಳಿದ.

ನಿಜವಾದ ನೀಲಗಂಗಾ ಎದುರು ನಿಂತೇ ಇದ್ದಳು. ಅವಳು ಎರಡೂ ಕಾಗದಗಳನ್ನು ಎತ್ತಿಕೊಂಡು ಹೊರಗೆ ಬಂದಳು.

ಊರಿಗೆ ಮರಳುವ ಗಾಡಿಯಲ್ಲಿ ಅವಳು ಒಂದೇ ವಿಷಯ ಯೋಚಿಸಿದಳು. ತಾನು ಎರಡೂ ಹೆಸರಿನವಳು ಎಂದು ಸಾಕ್ಷಿ ಹೇಳಬಲ್ಲವರು ಯಾರು? ಅಪ್ಪನಿಗೆ ಮೊದಲನೆಯದು ಗೊತ್ತು. ಎರಡನೆಯದನ್ನು ಆರಿಸಿ, ಎಲ್ಲರೆದುರು ಕೂಗಿ ಹೇಳಿ, ಜಾರಿಗೆ ತಂದವಳು ಒಬ್ಬಳೇ. ಮನೆಗೆ ಬಂದವಳು ಕೈಕಾಲು ತೊಳೆದು, ಬೇಳೆ ಆರಿಸುತ್ತಿದ್ದ ಅತ್ತೆಯ ಎದುರು ಕೂತಳು.

"ಏನಂದ್ರ?" ಎಂದಳು ಕಾಶೀಬಾಯಿ, ತಲೆ ಎತ್ತದೆ.

"ಏನಿಲ್ರಿ ಅತ್ತಿ. ಮಂಜರಿ ಅನ್ನೂ ಹೆಸರ ಲೆಕ್ಕಕ್ಕಿಲ್ಲ ಅಂದ್ರು. ಅತ್ತಿ ಇಟ್ಟ ಹೆಸರ ಅಂದ್ರ ಮನಿಯೊಳಗ ಕರೀಲಿಕ್ಕೆ, ಸರಕಾರದಾಗ ನಡಿಯೂದಿಲ್ಲಂತ."

ಮೊರ ಕೆಳಗಿಟ್ಟ ಸಪ್ಪಳಕ್ಕೆ ಒಳಗಿದ್ದ ಸಿದ್ದೇಶ್ವರ ಹೊರಗೆ ಬಂದ.

"ಯಾವಂವ ಅಂವ? ಹಿಂಗಂದನಾ?"

"ದೊಡ್ಡ ಸಾಹೇಬ್ರ ಇದ್ರಿ."

"ಸಿದ್ದ್ಯಾ, ಟಿಕೇಟ ತಗಸು," ಎಂದಳು ಕಾಶೀಬಾಯಿ. "ನಾನೂ ನೋಡತೀನಿ ಅವನ್ನ."

ಸಿದ್ದೇಶ್ವರ ಹೆಂಡತಿಯ ಕಡೆ ನೋಡಿದ. ಅವಳು ಅತ್ತೆ ಬಿಟ್ಟ ಬೇಳೆಯನ್ನು ತಾನು ಆರಿಸುತ್ತಿದ್ದಳು, ಮುಖ ಬಗ್ಗಿಸಿ.

ಮುಂಬೈಯ ಕಸ್ಟಮ್ಸ್ ಕಚೇರಿಯಲ್ಲಿ ಮಾತೆಲ್ಲ ಮರಾಠಿಯಲ್ಲೇ ನಡೆಯಿತು. ಆದರೆ ಕಾಶೀಬಾಯಿಯ ಮರಾಠಿಗೂ ಅವಳ ಕನ್ನಡಕ್ಕೂ ಇದ್ದ ಗತ್ತು ಒಂದೇ. ಕುರ್ಚಿ ಕೊಡುವ ಮೊದಲೇ ಕೂತಳು.

"ಹೆಸರ ನಾ ಇಟ್ಟದ್ದು. ತಾಟಿನ್ಯಾಗ ಅಕ್ಕಿ ಹರವಿ, ನಾ ಹೇಳಿದೆ, ನನ್ನ ಮಗ ಉಂಗರದಿಂದ ಬರದ. ಊರ ಮಂದಿ ನೋಡ್ಯಾರ, ಉಂಡು ಹೋಗ್ಯಾರ. ನಿಮಗ ಇನ್ನ ಯಾವ ಸರಕಾರ ಬೇಕು?"

"ಅಜ್ಜಿ, ಬರೆದದ್ದು ತೋರಿಸಬೇಕಲ್ಲ," ಎಂದ ಅಧಿಕಾರಿ. "ಆ ಅಕ್ಕಿ ತಂದೀರೇನು?"

"ಅಕ್ಕಿ ಅವತ್ತ ಅನ್ನ ಆತು, ಸಾಹೇಬ."

ಪಕ್ಕದ ಮೇಜಿನ ಟೈಪಿಸ್ಟ್ ಹೆಂಗಸು ಬಾಯಿಗೆ ಸೆರಗು ಹಿಡಿದಳು. ಕಾಶೀಬಾಯಿ ಮುಂದುವರಿಸಿದಳು.

"ನಿಮ್ಮ ಮನಿಯವರ ತವರಮನಿ ಹೆಸರ ಏನ್ರಿ?"

ಅಧಿಕಾರಿ ಕನ್ನಡಕವನ್ನು ಹಣೆಯಿಂದ ಇಳಿಸಿದ. "ಅದಕ್ಕೂ ಇದಕ್ಕೂ ಸಂಬಂಧ ಇಲ್ಲ."

"ಬ್ಯಾರೇನ ಇತ್ತಿಲ್ಲೋ? ಅವ್ರ ಗೆಜೆಟ್ ಎಲ್ಲೈತಿ? ತೋರಸ್ರಿ, ನಾವೂ ಹಂಗ ಮಾಡಿಸಿಕೋತೀವಿ."

"ಹೇಳಿಬಿಡಿ ಸಾಹೇಬರೇ," ಎಂದಳು ಟೈಪಿಸ್ಟ್, ನಗು ತಡೆಯಲಾರದೆ. "ನನಗೂ ಎರಡಿವೆ. ತವರಿನವರು ಕಾಗದ ಬರೆದರೆ ನಮ್ಮ ಟಪಾಲಿನವನೂ ತಬ್ಬಿಬ್ಬಾಗ್ತಾನೆ."

ಗದ್ದಲ ಕೇಳಿ ಒಳಕೋಣೆಯಿಂದ ಮೇಲಧಿಕಾರಿ ಬಂದರು, ನರೆಗೂದಲಿನ ಹೆಂಗಸು. ಕೇಳಿದ್ದನ್ನೆಲ್ಲ ನಿಂತೇ ಕೇಳಿದರು. ಅವರು ನಗಲಿಲ್ಲ. ಹೆಸರಿಟ್ಟವರು ಖುದ್ದಾಗಿ ನೋಟರಿಯ ಎದುರು, ಎರಡೂ ಹೆಸರಿನವಳು ಒಬ್ಬಳೇ ಎಂದು ಪ್ರಮಾಣಪತ್ರ ಮಾಡಿಕೊಟ್ಟರೆ ಈ ಪ್ರಕರಣಕ್ಕೆ ಅಷ್ಟು ಸಾಕು ಎಂದರು. ಸರ್ಟಿಫಿಕೇಟಿನ ಮೇಲಿನ ರುಜುವಿನಂತೆ ಈಕೆ ಇಲ್ಲೇ ರುಜು ಮಾಡಲಿ ಎಂದೂ ಸೇರಿಸಿದರು.

ನೀಲಗಂಗಾ ಪೆನ್ನು ತೆಗೆದುಕೊಂಡಳು. ಹನ್ನೂರಿನ ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ಅವಳು ಹುಡುಗಿಯಾಗಿದ್ದಾಗ ರುಜು ಮಾಡುತ್ತಿದ್ದಳು. ಮದುವೆಯಾದ ಮೇಲೆ ಬರೆದದ್ದೆಲ್ಲ ಮರಾಠಿಯ ಮಂಜರಿ. ಹಳೆಯ ಅಕ್ಷರಗಳು ಒಂದೊಂದಾಗಿ ಕಾಗದಕ್ಕೆ ಇಳಿದವು. 'ಗಂಗಾ'ದ ಕೊನೆಯ ಅಕ್ಷರದ ಬಾಲವನ್ನು ಎಳೆದು ಹೆಸರಿನ ಕೆಳಗೆ ಗೆರೆಯಾಗಿ ಹರಿಸುವುದು ಅವಳ ಪದ್ಧತಿಯಾಗಿತ್ತು, ಅದೂ ತಾನಾಗಿಯೇ ಬಂತು. ಅಧಿಕಾರಿಗೆ ಓದಲು ಬಾರದ ಲಿಪಿ ಅದು. ಎರಡೂ ರುಜುವನ್ನು ಪಕ್ಕಪಕ್ಕ ಇಟ್ಟು ಬೆರಳಿನಿಂದ ಗೆರೆ ಹಿಂಬಾಲಿಸಿ, "ಒಂದೇ ಕೈ" ಎಂದ.

ನೋಟರಿಯ ಕೆಲಸ ಮುಗಿಸಿ ಮಧ್ಯಾಹ್ನ ಬಂದಾಗ ಡಬ್ಬಿಯನ್ನು ಬಿಚ್ಚಿಟ್ಟಿದ್ದರು. ಹೊಸ ತಕರಾರು ಎದ್ದಿತು. ನಾಲ್ಕು ಮೆಮರಿ ಪಟ್ಟಿ, ಇಷ್ಟು ದೊಡ್ಡ ಡಿಸ್ಕು. ಮನೆಯಲ್ಲಿ ಯಾರಿಗೆ ಬೇಕು? ಇದು ಅಂಗಡಿಯ ಮಾಲೇ ಇರಬೇಕು, ಹಾಗಿದ್ದರೆ ಆಮದಿನ ಬೇರೆ ಕಾಗದ ಬೇಕು.

ಕಾಶೀಬಾಯಿ ಬಾಯಿ ತೆರೆದಳು. ನೀಲಗಂಗಾ ಅವಳ ಮುಂಗೈ ಮೇಲೆ ಕೈಯಿಟ್ಟು ತಡೆದು, ಚೀಲದಿಂದ ಸುರುಳಿಯೊಂದನ್ನು ತೆಗೆದು ಮೇಜಿನ ಉದ್ದಕ್ಕೂ ಬಿಚ್ಚಿದಳು. ಸಣ್ಣ ಹಾಳೆಗಳನ್ನು ಅಂಟಿಸಿ ಮಾಡಿದ್ದ ಚಾದರದ ನಕ್ಷೆ ಅದು. ತೆನೆ ತುಂಬಿದ ಜೋಳದ ಹೊಲ; ಒಂದು ತೆನೆ ಇದ್ದಂತೆ ಇನ್ನೊಂದಿಲ್ಲ. ಎಡ ಅಂಚಿನಿಂದ ಹಕ್ಕಿಗಳ ಹಿಂಡು ಎದ್ದಿತ್ತು. ನಡುಭಾಗಕ್ಕೆ ಬರುವಷ್ಟರಲ್ಲಿ ಹೊಲ ಒಮ್ಮೆಲೇ ನಿಂತಿತ್ತು. ಮುಂದೆ ಬರೀ ಬಿಳಿ ಕಾಗದ. ಒಂದು ಹಕ್ಕಿಗೆ ಒಂದೇ ರೆಕ್ಕೆ.

ಅಧಿಕಾರಿ ಬಗ್ಗಿ ನೋಡಿದ. ಟೈಪಿಸ್ಟ್ ಎದ್ದು ಬಂದಳು.

"ಉಳಿದದ್ದು ಎಲ್ಲಿ?" ಎಂದು ಕೇಳಿದ ಅವನು.

"ಉಳಿದದ್ದು ನಿಮ್ಮ ಆ ಡಬ್ಬಿಯೊಳಗ ಐತ್ರಿ, ಸಾಹೇಬ."

ಅವನು ಮತ್ತೆ ಬಿಳಿ ಕಾಗದ ನೋಡಿದ. ಆ ಪುಟ್ಟ ಹಸಿರು ಪಟ್ಟಿಗಳನ್ನು ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಸುಂಕದ ಚೀಟಿ ಬರೆಯಲು ಕೂತ. ಸುಂಕ ಬಿಡಲಿಲ್ಲ, ಹತ್ತಬೇಕಾದಷ್ಟನ್ನೂ ಹಚ್ಚಿದ. ನೀಲಗಂಗಾ ಅದನ್ನು ಕಟ್ಟಿ ಡಬ್ಬಿ ಎತ್ತಿಕೊಂಡಾಗ ಅವನೇ ಕರೆದು, "ಚಾದರ ಆದಮೇಲೆ ಆ ಹಕ್ಕಿಗೆ ಇನ್ನೊಂದು ರೆಕ್ಕೆ ಬಂತೋ ಇಲ್ಲವೋ, ಒಂದು ಕಾರ್ಡು ಹಾಕಿ" ಎಂದ.

ಸೊಲ್ಲಾಪುರದಲ್ಲಿ ಕಂಪ್ಯೂಟರಿನ ಡಬ್ಬಿ ತೆರೆದದ್ದು ಅವಳೇ. ಮೊದಲು ಕಿಟಕಿಯ ಕಬ್ಬಿಣದ ಸರಳು ಮುಟ್ಟಿ ಮೈಯಲ್ಲಿನ ವಿದ್ಯುತ್ತು ಕಳೆದುಕೊಂಡಳು, ಆಮೇಲೆ ಒಂದೊಂದೇ ಪಟ್ಟಿಯನ್ನು ಕೂರಿಸಿ ಒತ್ತಿದಳು. ಕಾಶೀಬಾಯಿ ಕುಂಕುಮದ ಬಟ್ಟಲು ಹಿಡಿದು ಬಂದಿದ್ದಳು.

"ಒಳಗ ಬ್ಯಾಡ್ರಿ ಅತ್ತಿ! ಮ್ಯಾಲಿನ ಡಬ್ಬಿಗೆ ಹಚ್ರಿ."

"ನನಗ ಅಷ್ಟೂ ತಿಳಿಯೂದಿಲ್ಲೇನ? ನಾ ಇಲ್ಲದ ಇದು ಬರತಿತ್ತೇನ ಕೇಳು."

"ಇಲ್ರಿ," ಎಂದಳು ನೀಲಗಂಗಾ. ಅದು ಸುಳ್ಳಾಗಿರಲಿಲ್ಲ.

ಸ್ವಿಚ್ಚು ಹಾಕಿದಾಗ ಕಪ್ಪು ಪರದೆಯ ಮೂಲೆಯಲ್ಲಿ ಅಂಕಿಗಳು ಏರತೊಡಗಿದವು. ಮೊದಲು ಎಲ್ಲಿ ನಿಲ್ಲುತ್ತಿದ್ದವೋ ಅಲ್ಲಿ ನಿಲ್ಲಲಿಲ್ಲ. ಏರಿದವು, ಏರುತ್ತಲೇ ಹೋದವು. ಸಿದ್ದೇಶ್ವರ ಕ್ರಿಕೆಟ್ ಸ್ಕೋರು ಕೂಗುವಂತೆ ಕೂಗಿದ. ಆ ವಾರ ನೀಲಗಂಗಾ ನಕ್ಷೆಯ ನಡುಭಾಗ ದಾಟಿದಳು. ಯಂತ್ರ ಒಮ್ಮೆಯೂ ನಿಲ್ಲಲಿಲ್ಲ.

ನಮೂನೆಯ ಚಾದರ ಮಗ್ಗದಿಂದ ಇಳಿದದ್ದು ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಸ್ವಲ್ಪ ಮೊದಲು. ಯೆಮುಲ ಸೇಠರು ಅದನ್ನು ಕಾರಖಾನೆಯ ನೆಲಕ್ಕೆ ಹಾಸಿಸಿ, ಚಪ್ಪಲಿ ಬಿಟ್ಟು, ಅಂಚಿನ ಪಕ್ಕದಲ್ಲೇ ಈ ಕಡೆಯಿಂದ ಆ ಕಡೆಗೆ ನಡೆದರು. ಎಲ್ಲಾದರೂ ಒಂದು ತೆನೆ ಎರಡು ಸಲ ಬಂದಿದೆಯೇ ಎಂದು ಹುಡುಕುತ್ತಿದ್ದರು. ಬಲ ಅಂಚಿನವರೆಗೆ ಹೋಗಿ, ತಿರುಗಿ ಬಂದು, ಮತ್ತೊಮ್ಮೆ ಹೋದರು.

"ಬಾಯಿ, ಹಕ್ಕಿ ಎಲ್ಲಾ ಒಂದೇ ದಿಕ್ಕಿಗೆ ಹಾರಾಕತ್ತಾವ. ಇದರ ಮುಂದಿಂದು ಎಲ್ಲೈತಿ?"

"ಮುಂದಿಂದು ಅಂದ್ರ?"

"ಆ ಪರದೇಶದ ಗಿರಾಕಿ ಮಂಚಕ್ಕೊಂದ ತಗೊಂಡ್ರ ಗ್ವಾಡಿಗೊಂದ ಬೇಕು, ಕಿಟಕಿಗೊಂದ ಬೇಕು. ಹಾರಿದ ಹಕ್ಕಿ ಎಲ್ಲ್ಯರೆ ಕೂಡಬೇಕಲ್ಲ. ಮಾಡ್ರಿ. ಮುಂಬೈಯವ್ರಿಗೆ ನಾ ಬ್ಯಾಡ ಅಂತ ಹೇಳಿಬಿಡತೀನಿ." ಅವರು ಲೆಕ್ಕ ಬರೆಯುವ ಮುನೀಮನ ಕಡೆ ತಿರುಗಿದರು. "ಬರಕೋ. ವರ್ಷದ ನಕ್ಷಿ ಎಲ್ಲಾ ಇವರದ. ಏನಂತ ಬರೀಬೇಕ್ರಿ ಹೆಸರ?"

ಮುನೀಮ ಪೆನ್ನು ಹಿಡಿದು ಕಾದ. ಚಾದರದ ತುದಿಯಲ್ಲಿ ನಿಂತಿದ್ದ ಕಾಶೀಬಾಯಿ ಸೊಸೆಯನ್ನು ನೋಡಿದಳು, ಸೊಸೆ ಅತ್ತೆಯನ್ನು.

"ನೀಲಗಂಗಾ ಕಂದಲಗಾಂವಕರ," ಎಂದಳು ನೀಲಗಂಗಾ.

"ಮಂಜರಿ ಅನ್ನೂದನ್ನ ಬಿಟ್ಟಿ," ಎಂದಳು ಕಾಶೀಬಾಯಿ.

"ಅದು ನಿಮಗ ಇರಲಿ ಅತ್ತಿ, ಕರೀಲಿಕ್ಕೆ."

ಕಾಶೀಬಾಯಿ ಮುನೀಮನ ಹತ್ತಿರ ಹೋಗಿ ಹೇಳಿದಳು: "ದೊಡ್ಡದಾಗಿ ಬರಿಯಪಾ. ಬಾಳ ದೂರದಿಂದ ಬಿಡಿಸಿಕೊಂಡು ಬಂದೀವಿ."